ಹಾಪ್ಸ್ ಬಳ್ಳಿಯ ಬುಡಕ್ಕೆ

ಲೆಟ್ಟಿ ಟ್ರೋಮನ್ಸ್ ಹಾಪ್ಸ್ ಹೂವನ್ನು ಕಿವಿಯ ಹತ್ತಿರ ಹಿಡಿದು ಹಿಚುಕುವುದನ್ನು ಯಾರೂ ನೋಡಿರಲಿಲ್ಲ. ನೋಡಿದ್ದರೆ ಮುದುಕಿಗೆ ಅರಳುಮರಳು ಎಂದು ಒಂದೇ ಮಾತಿಗೆ ಮುಗಿಸಿಬಿಡುತ್ತಿದ್ದರು. ಬೀರಿಗೆ ಕಹಿ ಕೊಡುವ ಈ ಹೂ ಕೊಯ್ಲಿಗೆ ಬಂದಿದೆಯೋ ಇಲ್ಲವೋ ತಿಳಿಯಲು ನಮ್ಮ ಕಡೆ ಇರುವುದು ಒಂದೇ ದಾರಿ. ಅಂಗೈಗೆ ಹಾಕಿ ಉಜ್ಜಬೇಕು, ಮೂಗಿಗೆ ಹಿಡಿಯಬೇಕು. ಅದಕ್ಕೆ ಕಿವಿ ಯಾಕೆ ಬೇಕು? ಆದರೆ ಲೆಟ್ಟಿಗೆ ಮೂಗು ಇರಲಿಲ್ಲ. ಮುಖದ ಮೇಲೆ ಇತ್ತು, ಸಾಕಷ್ಟು ದೊಡ್ಡದಾಗಿಯೇ ಇತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಫೆಬ್ರವರಿಯಲ್ಲಿ ಒಂದು ಕೆಟ್ಟ ಜ್ವರ ಬಂದು ಹದಿನೈದು ದಿನ ಮಲಗಿಸಿತ್ತು. ಎದ್ದು ನೋಡಿದರೆ ಚಹಾ ಬರೀ ಬಿಸಿನೀರು, ಬೇಕನ್ ಬರೀ ಉಪ್ಪು, ಸೋಪು ಬರೀ ಜಾರುವ ವಸ್ತು. ಡಾಕ್ಟರು, "ಬರುತ್ತೆ, ಸ್ವಲ್ಪ ತಾಳ್ಮೆ ಇರಲಿ" ಎಂದಿದ್ದರು. ಮೂರು ವರ್ಷ ತಾಳ್ಮೆ ಇಟ್ಟುಕೊಂಡಳು. ವಾಸನೆ ಬರಲಿಲ್ಲ. ನಾಲಿಗೆ ಮಾತ್ರ ಉಳಿದಿತ್ತು, ಅದೂ ಸಿಹಿ, ಕಹಿ, ಹುಳಿ, ಉಪ್ಪು ಎಂಬ ನಾಲ್ಕು ಮಾತಿಗಷ್ಟೇ.

ಹೀಗಾಗಿ ಕಿವಿ. ಬಲಿಯದ ಹೂ ಹಿಚುಕಿದರೆ ಒದ್ದೆ ಬಟ್ಟೆಯಂತೆ ಸುಮ್ಮನಿರುತ್ತದೆ. ಬಲಿತದ್ದು ಕಾಗದದ ಹಾಗೆ ಸರಪರ ಎನ್ನುತ್ತದೆ. ಆ ಸೆಪ್ಟೆಂಬರಿನ ಬೆಳಿಗ್ಗೆ ಬಲಗಿವಿಗೆ ಸರಪರ ಕೇಳಿತು. ಹೆಬ್ಬೆರಳಿಗೆ ಹಳದಿ ಪುಡಿಯೂ ಅಂಟಿತು. ಪಕ್ಕದ ಮನೆಯ ಆಲಿವ್ ಬೇಲಿಯಾಚೆ ಬಟ್ಟೆ ಹರವುತ್ತಿದ್ದದ್ದು ಕಂಡು ಲೆಟ್ಟಿ ತಟಕ್ಕನೆ ಕೈಯನ್ನು ಕಿವಿಯಿಂದ ಮೂಗಿಗೆ ತಂದು, ಎದೆ ತುಂಬ ಉಸಿರೆಳೆದು, "ಆಹಾ" ಎಂದಳು.

"ಬಂತಾ?" ಎಂದಳು ಆಲಿವ್.

"ಬಂತು. ಇವತ್ತೇ ಕೊಯ್ದುಬಿಡ್ತೀನಿ."

"ನಿನ್ನ ಮೂಗಿಗೆ ಯಾರು ಸಾಟಿ ಬಿಡು" ಎಂದು ಆಲಿವ್ ದಿಂಬಿನ ಚೀಲವನ್ನು ಕೊಡವಿದಳು.

ಆ ಮೂಗು ಲೆಟ್ಟಿಗೆ ಅಮ್ಮನಿಂದ ಬಂದದ್ದು. ಅಮ್ಮ ಬೀದಿಯ ಕೊನೆಯ ಪಬ್ಬಿನಲ್ಲಿ ನಲವತ್ತು ವರ್ಷ ಬೀರು ಕಾಯಿಸಿದವಳು. ನಮ್ಮ ಊರು ನೆದರ್ಟನ್ನಿನಲ್ಲಿ ಆಗ ಪಬ್ಬಿನ ಹಿತ್ತಲಲ್ಲೇ ಬೀರು ಆಗುತ್ತಿತ್ತು, ಕಾಯಿಸುತ್ತಿದ್ದದ್ದು ಹೆಂಗಸರೇ. ಬಾಗಿಲಲ್ಲಿ ನಿಂತು ಮೂಗೆಳೆದರೆ ಸಾಕು, ಒಳಗಿನ ಆರು ಪೀಪಾಯಿಗಳಲ್ಲಿ ಯಾವುದು ಕೆಟ್ಟಿದೆ ಎಂದು ಅಮ್ಮ ಹೇಳಿಬಿಡುತ್ತಿದ್ದಳು. ಪಬ್ಬನ್ನು ಕೆಡವಿ ಅಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಉಳಿದದ್ದು ಎರಡೇ, ಲೆಟ್ಟಿಯ ಮೂಗು ಮತ್ತು ಈ ಬಳ್ಳಿ. ಬೀದಿಯ ಹೆಂಗಸರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಹಾಪ್ಸ್ ಬಿಡಿಸುವ ಕೂಲಿಗೆ ವೂಸ್ಟರ್ ಕಡೆಗೆ ರೈಲು ಹತ್ತುತ್ತಿದ್ದ ಕಾಲದಲ್ಲಿ, ಅಮ್ಮ ರೈತನ ಕಣ್ಣು ತಪ್ಪಿಸಿ ಒಂದು ತುಂಡು ಬೇರನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಕೂಸಿನ ತಳ್ಳುಗಾಡಿಯಲ್ಲಿಟ್ಟು ತಂದಿದ್ದಳು. ಗಾಡಿಯಲ್ಲಿದ್ದ ಕೂಸು ಲೆಟ್ಟಿಯೇ. ಬೇರಿಗೂ ಅವಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಎಪ್ಪತ್ತು.

ಮೂಗು ಹೋದದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಭಾನುವಾರ ಹೋಗುತ್ತದೆ ಎಂಬ ಹೆದರಿಕೆ.

ಭಾನುವಾರವೆಂದರೆ ಇಷ್ಟೇ. ಹನ್ನೆರಡು ಗಂಟೆಗೆ ಹೊರೇಸ್ ಬಿಲ್ಲಿಂಗಮ್ ಕಾಲುವೆ ದಾರಿಯಿಂದ ತನ್ನ ಮಗ್ಗು ಹಿಡಿದು ಬರುತ್ತಾನೆ, ಬೇಲಿಯ ಗೇಟಿನಿಂದ ಆಲಿವ್ ತನ್ನ ಸಣ್ಣ ಮಗ್ಗು ಹಿಡಿದು ಬರುತ್ತಾಳೆ. ಹಿತ್ತಲಲ್ಲಿ ತಗಡಿನ ಸೂರಿನ ಕೆಳಗೆ ಒಂದು ಬೆಂಚು, ಬೆಂಚಿನ ಪಕ್ಕದಲ್ಲೇ ಬಳ್ಳಿಯ ಬುಡ. ಲೆಟ್ಟಿ ಮನೆಯಲ್ಲೇ ಕಾಯಿಸಿದ, ಮೈಲ್ಡ್ ಎಂಬ ಕಹಿ ಕಡಿಮೆಯ ಕಪ್ಪು ಬೀರನ್ನು ಮಗ್ಗಿಗೆ ಬಿಟ್ಟು ಕೊಡುತ್ತಾಳೆ, ಒಳಗೆ ಹೋಗಿ ಚೀಸು ಈರುಳ್ಳಿ ಇಟ್ಟ ಬನ್ನು ಮಾಡಿ ತರುತ್ತಾಳೆ. ಎರಡು ಗಂಟೆಗೆ ಎಲ್ಲರೂ ಅವರವರ ಊಟಕ್ಕೆ. ವಾರದ ಉಳಿದ ಆರು ದಿನ ಅವಳೊಡನೆ ಮಾತಾಡುವುದು ರೇಡಿಯೋ, ಅದೂ ಏಕಪಕ್ಷೀಯವಾಗಿ. ಮದುವೆಯಾದವಳಲ್ಲ. ಬಕೆಟ್ಟು ಕಾರ್ಖಾನೆ ಮುಚ್ಚಿದ ಮೇಲೆ ಜೊತೆಗೆ ದುಡಿದವರು ದಿಕ್ಕಿಗೊಬ್ಬರಾದರು. ಆ ಎರಡು ಗಂಟೆ ಇಲ್ಲದಿದ್ದರೆ ತಾನು ಬದುಕಿದ್ದೇನೆಂದು ಗೊತ್ತಾಗುವುದು ಹಾಲಿನವನಿಗೆ ಮಾತ್ರ ಎಂದು ಅವಳೇ ಒಮ್ಮೆ ಕನ್ನಡಿಗೆ ಹೇಳಿಕೊಂಡಿದ್ದಳು.

ಹೊರೇಸ್ ಸರಪಳಿ ಕಮ್ಮಾರ. ಹಡಗಿನ ಲಂಗರಿಗೆ ಕಟ್ಟುವ ಸರಪಳಿಯ ಕೊಂಡಿಗಳನ್ನು ಐವತ್ತು ವರ್ಷ ಬಡಿದವನು. ಕುಲುಮೆಯ ಮುಂದೆ ಬೆವರು ಸುರಿಸುವವರಿಗೆ ಬೀರು ನೀರಿನ ಲೆಕ್ಕ. ಅವರಲ್ಲೊಂದು ರೂಢಿಯಿತ್ತು. ಕುಡಿದು ಮುಗಿಸಿದವನು ಮಗ್ಗನ್ನು ನೆಲದ ಬೂದಿಯ ಮೇಲೆ ಬೋರಲು ಹಾಕಬೇಕು. ಎತ್ತಿದಾಗ ಬೂದಿ ಒಣಗಿದ್ದರೆ ಗಂಡಸು, ಒಂದು ಹನಿ ಒದ್ದೆ ಕಂಡರೂ ಇಡೀ ಕಮ್ಮಾರಸಾಲೆ ಅವನನ್ನು ವಾರವಿಡೀ ಗೋಳು ಹೊಯ್ದುಕೊಳ್ಳುತ್ತಿತ್ತು. ಹೊರೇಸ್ ಈ ಹಿತ್ತಲಿಗೂ ಆ ಅಭ್ಯಾಸವನ್ನು ತಂದಿದ್ದ. ಇಟ್ಟಿಗೆ ನೆಲದ ಮೇಲೆ ಮಗ್ಗು ಬೋರಲಾಗುವ 'ಟಕ್' ಸದ್ದು ಅಡುಗೆಮನೆಗೆ ಕೇಳಿಸಿದರೆ ಲೆಟ್ಟಿಗೆ ಹೊಟ್ಟೆ ತುಂಬುತ್ತಿತ್ತು. ಈಚೆಗೆ ಎರಡು ಮೂರು ವರ್ಷದಿಂದ ಆ ಟಕ್ ಇರಲಿಲ್ಲ. ಬಗ್ಗಲು ಸೊಂಟ ಬಿಡುತ್ತಿಲ್ಲವೇನೋ, ಪಾಪ, ಎಂದುಕೊಂಡಿದ್ದಳು.

ಹೂ ಕೊಯ್ದು ಅಟ್ಟದ ಮೇಲೆ ಗೋಣಿ ಹಾಸಿ ಹರಡಿದ್ದಾಯಿತು. ಮುಂದಿನ ಭಾನುವಾರ ಹೊರೇಸ್ ಎಂದಿನಂತೆ ಗೇಟು ತಳ್ಳಿದ.

"ಏನ್ ಹುಡುಗಿ, ಬದುಕಿದ್ದೀಯಾ?"

ಹೊರೇಸನಿಗೆ ತೊಂಬತ್ತು ದಾಟದ ಹೆಂಗಸರೆಲ್ಲ ಹುಡುಗಿಯರೇ.

"ಸಾಯೋಕೆ ಪುರುಸೊತ್ತಾಗಿಲ್ಲ" ಎಂದಳು ಲೆಟ್ಟಿ. "ಕೂತ್ಕೋ. ನಿನ್ನ ಸೊಂಟ ಹೇಗಿದೆ?"

"ಸೊಂಟಕ್ಕೇನಾಗಿದೆ? ನಿನ್ನೆ ಒಂದು ಮೂಟೆ ಆಲೂಗಡ್ಡೆ ಹೊತ್ತು ತಂದೆ."

ಈ ಮಾತು ಅವಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮಗ್ಗು ತುಂಬಿಸಿಕೊಟ್ಟು ಒಳಗೆ ಹೋದಳು. ಬನ್ನು ಕತ್ತರಿಸೋಣವೆಂದರೆ ಚಾಕು ಇಲ್ಲ. ಬೆಳಿಗ್ಗೆ ಬಳ್ಳಿಯ ದಾರ ಕೊಯ್ಯಲು ಹೊರಗೊಯ್ದು ಸೂರಿನ ಕಂಬದ ಹತ್ತಿರ ಮರೆತಿದ್ದಳು. ಕಾಲಿನ ಆಣಿಗೆಂದು ಆವತ್ತು ಬಟ್ಟೆಯ ಚಪ್ಪಲಿ ಹಾಕಿದ್ದರಿಂದ ಹೆಜ್ಜೆಯ ಸದ್ದಾಗಲಿಲ್ಲ. ಹಿತ್ತಲ ಬಾಗಿಲು ಅರ್ಧ ತೆರೆದಿತ್ತು.

ಹೊರೇಸ್ ಬೆಂಚಿನಿಂದ ಬಗ್ಗಿ, ಸೊಂಟಕ್ಕೆ ಏನೂ ಆಗಿಲ್ಲದವನ ಹಾಗೆ ಬಗ್ಗಿ, ಬೀರನ್ನು ಬಳ್ಳಿಯ ಬುಡಕ್ಕೆ ಹುಯ್ಯುತ್ತಿದ್ದ. ಒಂದೇ ಕಡೆ ಗುಳಿಯಾಗದ ಹಾಗೆ, ಸುತ್ತಲೂ, ನಿಧಾನವಾಗಿ, ಬಹಳ ದಿನದಿಂದ ಮಾಡಿ ಪಳಗಿದ ಕೈಯಲ್ಲಿ. ಆಲಿವ್ ತನ್ನ ಸಣ್ಣ ಮಗ್ಗನ್ನೂ ಅವನ ಕಡೆಗೆ ಚಾಚಿದ್ದಳು, ಮುಖ ಮಾತ್ರ ಬೇರೆ ಕಡೆಗಿತ್ತು.

"ಪೂರ್ತಿ ಹಾಕ್ಬೇಡ. ತಳದಲ್ಲಿ ಒಂಚೂರು ಇರ್ಲಿ" ಎಂದಳು ಆಲಿವ್ ಮೆಲ್ಲಗೆ. "ಖಾಲಿ ಕಂಡ್ರೆ ತಕ್ಷಣ ತುಂಬಿಸ್ತಾಳೆ."

"ಬಳ್ಳಿಗಂತೂ ಒಗ್ಗಿಬಿಟ್ಟಿದೆ ನೋಡು" ಎಂದ ಹೊರೇಸ್. "ಈ ವರ್ಷ ಸೂರು ದಾಟಿದೆ."

"ನಗಿಸ್ಬೇಡ. ಪಾಪ ಕಣೋ ಅವಳು."

ಲೆಟ್ಟಿ ಹಿಂದಕ್ಕೆ ಸರಿದು ಅಡುಗೆಮನೆಯ ಗೋಡೆಗೆ ಒರಗಿದಳು. ಆಮೇಲೆ, ಆಮೇಲೆ ಏನು ಮಾಡಿದಳು ಗೊತ್ತೇ? ಜೋರಾಗಿ ಕೆಮ್ಮಿ, ಬಾಗಿಲನ್ನು ದಡಾರನೆ ತಳ್ಳಿ, "ಚಾಕು ಎಲ್ಲಿಟ್ಟೆನಪ್ಪಾ" ಎನ್ನುತ್ತ ಹೊರಗೆ ಬಂದಳು. ಇಬ್ಬರೂ ಮಗ್ಗನ್ನು ತುಟಿಗೆ ಹಿಡಿದು ಕೂತಿದ್ದರು.

"ಹೇಗಿದೆ?" ಎಂದಳು. ಕೇಳಬಾರದಿತ್ತು, ಬಾಯಿ ಕೇಳಿಬಿಟ್ಟಿತು.

"ಕೇಳ್ಬೇಕಾ?" ಎಂದ ಹೊರೇಸ್ ತುಟಿ ಒರೆಸಿಕೊಂಡು. "ತಾನಾಗೇ ಇಳೀತದೆ. ಇನ್ನರ್ಧ ಹಾಕು ಹುಡುಗಿ."

ಲೆಟ್ಟಿ ಇನ್ನರ್ಧ ಹಾಕಿದಳು. ಆ ದಿನ ಅವಳು ಮಾಡಿದ ಅತಿ ಕಷ್ಟದ ಕೆಲಸ ಅದು.

ಅವರು ಹೋದ ಮೇಲೆ ಬುಡದ ಮಣ್ಣು ಮುಟ್ಟಿ ನೋಡಿದಳು. ಒದ್ದೆ. ಬೆರಳನ್ನು ಮೂಗಿಗೆ ಹಿಡಿದಳು, ಹಳೇ ಚಟ. ಏನೂ ಇಲ್ಲ.

ಮೊದಲು ಬಂದದ್ದು ಸಿಟ್ಟು. ಮೂರು ವರ್ಷ ಹಂಡೆಯ ಮುಂದೆ ಬೆಂದದ್ದು ಗಿಡಕ್ಕೆ ಗೊಬ್ಬರ ಹಾಕುವುದಕ್ಕೋ? ಒಂದು ಮಾತು ಹೇಳಲು ಇವರಿಗೆ ಬಾಯಿಲ್ಲವೋ? ಆ ಹೊರೇಸನಿಗೆ ಊರೆಲ್ಲ ಕೇಳುವಷ್ಟು ಬಾಯಿದೆ! ಆಮೇಲೆ ನಾಚಿಕೆ ಬಂತು. ಅದು ಸಿಟ್ಟಿಗಿಂತ ಕೆಟ್ಟದ್ದು, ಹೋಗುವುದೇ ಇಲ್ಲ. 'ಪಾಪ ಕಣೋ' ಎಂಬುದು ತಟ್ಟೆ ತೊಳೆಯುವಾಗ, ಮೆಟ್ಟಿಲು ಹತ್ತುವಾಗ, ಕೂದಲು ಬಾಚುವಾಗ ಕೇಳಿಸುತ್ತಿತ್ತು. ತಾನು ಅವರಿಗೆ ಭಾನುವಾರ ಕೊಡುತ್ತಿದ್ದೇನೆ ಎಂದುಕೊಂಡಿದ್ದಳು. ಅವರೇ ಅವಳಿಗೆ ಕೊಡುತ್ತಿದ್ದರು, ಭಿಕ್ಷೆ ಹಾಕುವ ಹಾಗೆ.

ಮುಂದಿನ ಶನಿವಾರ ಬೇಲಿಯಾಚೆ ಹೇಳಿದಳು. "ಪೀಪಾಯಿ ಬರಿದಾಯ್ತು ಆಲಿವ್. ನಾಳೆ ಬೀರಿಲ್ಲ. ಹೊರೇಸನಿಗೂ ಹೇಳ್ಬಿಡು."

"ಹೌದಾ?" ಎಂದಳು ಆಲಿವ್. ಮುಖದಲ್ಲಿ ಏನಿತ್ತು, ಬೇಸರವೋ, ನಿರಾಳವೋ, ಲೆಟ್ಟಿಗೆ ಗೊತ್ತಾಗಲಿಲ್ಲ. "ಸರಿ ಹಾಗಾದ್ರೆ. ನೀನೂ ಸುಧಾರಿಸ್ಕೋ."

ಪೀಪಾಯಿ ಮುಕ್ಕಾಲು ತುಂಬಿತ್ತು. ಅವಳು ಪರೀಕ್ಷೆ ಮಾಡುತ್ತಿದ್ದಳು, ಅಷ್ಟೇ. ಭಾನುವಾರ ಹನ್ನೆರಡಾಯಿತು. ಬನ್ನು ತಂದಿಟ್ಟಿದ್ದಳು, ಚೀಸು ತುರಿದಿಟ್ಟಿದ್ದಳು. ಹನ್ನೆರಡೂವರೆಯಾಯಿತು. ಗೋಡೆಯಾಚೆಯಿಂದ ಆಲಿವಳ ರೇಡಿಯೋ ಕೇಳಿಸುತ್ತಿತ್ತು. ಒಂದಕ್ಕೆ ಹೊರೇಸ್ ಕಾಲುವೆ ದಾರಿಯಲ್ಲಿ ಹೋಗುವುದು ಕಂಡಿತು. ಗೇಟಿನ ಕಡೆ ನೋಡಿದ, ಕಿಟಕಿಯಲ್ಲಿ ಅವಳನ್ನು ಕಂಡು ಕೈ ಎತ್ತಿದ, ಮುಂದೆ ಹೋದ.

ಬರುವುದಿಲ್ಲವೆಂದಲ್ಲ, ಬರುವುದು ಹೇಗೆ? ನಮ್ಮ ಕಡೆ ಜನ ಸುಮ್ಮಸುಮ್ಮನೆ ಇನ್ನೊಬ್ಬರ ಮನೆಗೆ ಹೋಗಿ ಕೂರುವವರಲ್ಲ. ಕೈಯಲ್ಲೊಂದು ಕಾರಣ ಬೇಕು. ಎರವಲು ತಂದ ಏಣಿ, ದಾರಿ ತಪ್ಪಿ ಬಂದ ಕಾಗದ, ಒಂದು ಮಗ್ಗು ಬೀರು. ಕಾರಣವಿಲ್ಲದೆ ಬಾಗಿಲು ತಟ್ಟಿದರೆ ಯಾರೋ ಸತ್ತಿರಬೇಕು ಎಂದೇ ಅರ್ಥ. ಲೆಟ್ಟಿ ಬನ್ನುಗಳನ್ನು ಒಬ್ಬಳೇ ತಿಂದಳು. ಈರುಳ್ಳಿ ಹಲ್ಲಿಗೆ ಕರಕರ ಎಂದಿತು, ಇನ್ನೇನೂ ಇರಲಿಲ್ಲ. ಮಧ್ಯಾಹ್ನ ಇಷ್ಟು ಉದ್ದ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೇ ಅವಳಿಗೆ ಎಲ್ಲವೂ ಬಗೆಹರಿಯಿತು. ಬೀರು ಬೇಕೇಬೇಕು. ಆದರೆ ಆ ಬೀರು ಇನ್ನು ಸುರಿಯುವಂಥದ್ದಾಗಿರಬಾರದು, ಅವರಿಬ್ಬರು ಸುರಿಯುತ್ತಾರೆಂದು ತಿಳಿದೂ ತಿಳಿದೂ ಮಗ್ಗು ತುಂಬಿಸಲು ಅವಳಿಂದ ಆಗದು. 'ನೋಡಿದೆ' ಎನ್ನುವಂತೆಯೂ ಇಲ್ಲ. ಅಂದರೆ ಹೊರೇಸ್ ಕಿವಿಯವರೆಗೆ ಕೆಂಪಾಗುತ್ತಾನೆ, ಆಲಿವ್ ಅಳುತ್ತಾಳೆ, ಆ ಅವಮಾನದಲ್ಲಿ ಇಬ್ಬರೂ ಮತ್ತೆಂದೂ ಈ ಗೇಟು ತಳ್ಳುವುದಿಲ್ಲ. ಮಾತು ಹೊರಬಿದ್ದರೆ ಭಾನುವಾರ ಮುಗಿಯಿತು. ಒಂದು ಮಾತೂ ಆಡದೆ ಬೀರನ್ನು ಸರಿ ಮಾಡಬೇಕು. ಏನು ಕೆಟ್ಟಿದೆ ಎಂಬುದೇ ಗೊತ್ತಿಲ್ಲದೆ ಏನು ಸರಿ ಮಾಡುವುದು?

ಬೇರೆಯವರ ಮೂಗು ಬೇಕಾಗಿತ್ತು, ಅವಳ ಬಗ್ಗೆ ಕನಿಕರವಿಲ್ಲದ ಒಂದು ಮೂಗು.

ಮಂಗಳವಾರ ಕಲ್ಲಿದ್ದಲಿನವನು ಬಂದ. ಎರಡು ವಾರಕ್ಕೊಮ್ಮೆ ಬರುವ ಏಮಸ್ ಫಾಕ್ಸಲ್, ಈ ಬೀದಿಗೆ ಹೊಸಬ, ಐವತ್ತರ ಆಸುಪಾಸಿನವನು, ಯಾರ ಮುಖ ಮುಲಾಜೂ ಇಲ್ಲದವನೆಂದು ಆಗಲೇ ಹೆಸರು ಮಾಡಿದ್ದ. ಮೂಟೆಗಳನ್ನು ಕೊಟ್ಟಿಗೆಗೆ ಸುರಿದು ಬೆನ್ನು ನೆಟ್ಟಗೆ ಮಾಡಿದ ಮೇಲೆ ಲೆಟ್ಟಿ ಅವನ ಕೈಗೊಂದು ಮಗ್ಗು ಕೊಟ್ಟಳು.

"ಮನೇಲಿ ಕಾಯಿಸಿದ್ದು. ನನಗೆ ನೆಗಡಿ, ವಾಸನೆ ಗೊತ್ತಾಗ್ತಿಲ್ಲ. ಹೇಗಿದೆ ಹೇಳು."

ಏಮಸ್ ಒಂದು ಗುಟುಕು ಬಾಯಿಗೆ ಹಾಕಿ, ನುಂಗದೆ, ಮಗ್ಗನ್ನೇ ನೋಡುತ್ತ ನಿಂತ. ಆಮೇಲೆ ಚರಂಡಿಯ ಕಡೆ ತಿರುಗಿ ಉಗಿದ.

"ತಪ್ಪು ತಿಳ್ಕೋಬೇಡಿ ಅಮ್ಮಾ. ಆಸ್ಪತ್ರೆ."

"ಏನು?"

"ಆಸ್ಪತ್ರೆ ವಾಸನೆ. ಮಂಡಿ ತರಚಿದ್ರೆ ಹಚ್ತಾರಲ್ಲ ಆ ಔಷಧಿ ಇದ್ದ ಹಾಗಿದೆ. ಪೀಪಾಯಿ ಏನು ಹಾಕಿ ತೊಳೀತೀರಾ, ಬ್ಲೀಚಾ?"

"ಬ್ಲೀಚು. ಎರಡು ಸಲ." ಸ್ವಲ್ಪ ತಡೆದು ಸೇರಿಸಿದಳು, "ಕೆಲವು ಸಲ ಮೂರು."

"ಅದೇ ಮತ್ತೆ. ನಮ್ಮ ಮಾವನೂ ಹೀಗೇ ಮಾಡ್ಕೊಂಡಿದ್ದ. ಬ್ಲೀಚು ಬೀರಿಗೆ ಸೇರಿದ್ರೆ ಮುಗೀತು. ಇಡೀ ಪೀಪಾಯಿ ಕಾಲುವೆಗೆ ಸುರಿದ, ಮೀನುಗಳಿಗೆ ಗಾಯ ಇದ್ದಿದ್ರೆ ವಾಸಿಯಾಗಿರ್ಬೇಕು." ಮಗ್ಗನ್ನು ಅವಳ ಕೈಗೆ ವಾಪಸು ಕೊಟ್ಟ. "ಆ ವಾಸನೆ ಬಿಟ್ರೆ ಬೀರು ಚೆನ್ನಾಗೇ ಇದೆ ಅಮ್ಮಾ. ಕುದಿಯೋ ನೀರು, ಸೋಡಾ, ಅಷ್ಟೇ ಸಾಕು. ಅಷ್ಟೊಂದು ಬ್ಲೀಚು ಯಾಕೆ ಹಾಕಿದ್ರಿ?"

ಯಾಕೆ ಹಾಕಿದಳು? ಮೂಗಿಲ್ಲದವಳಿಗೆ ಪಾತ್ರೆ ಶುದ್ಧವಾಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕೊಳಕಿ ಎನಿಸಿಕೊಳ್ಳುವ ಭಯಕ್ಕೆ ತೊಳೆದದ್ದನ್ನೇ ತೊಳೆದಳು, ಅಂಗಿ ಒಗೆಯುವಾಗಲೂ, ನೆಲ ಒರೆಸುವಾಗಲೂ. ಅಮ್ಮ ಹಂಡೆಯ ಕುದಿನೀರು ಮತ್ತು ಒಗೆಯುವ ಸೋಡಾ ಬಿಟ್ಟು ಬೇರೆ ಏನನ್ನೂ ಪೀಪಾಯಿಗೆ ತೋರಿಸಿದವಳಲ್ಲ. ಅದು ಲೆಟ್ಟಿಗೆ ಗೊತ್ತಿತ್ತು. ಗೊತ್ತಿದ್ದೂ ನಂಬಿಕೆ ಹೋಗಿತ್ತು.

"ಸುಮ್ನೆ" ಎಂದಳು ಏಮಸ್‌ಗೆ.

ಆವತ್ತೇ ಮುಕ್ಕಾಲು ಪೀಪಾಯಿ ಬೀರನ್ನು ಚರಂಡಿಗೆ ಬಿಟ್ಟಳು. ಬಳ್ಳಿಗೆ ಹಾಕಲಿಲ್ಲ, ಬಳ್ಳಿ ಸಾಕಷ್ಟು ಕುಡಿದಿತ್ತು. ಪೀಪಾಯಿ, ಬಕೆಟ್ಟು, ಸೌಟು ಎಲ್ಲವನ್ನೂ ಕುದಿನೀರು ಸೋಡಾದಲ್ಲಿ ಮೂರು ದಿನ ನೆನೆಹಾಕಿ, ಮತ್ತೆ ಬರೀ ಕುದಿನೀರಿನಲ್ಲಿ ಜಾಲಿಸಿದಳು. ಬ್ಲೀಚಿನ ಬಾಟಲಿಯನ್ನು ಕಸದ ಡಬ್ಬಿಗೆ ಹಾಕಿ, ಅರ್ಧ ಗಂಟೆಯಾದ ಮೇಲೆ ಕಕ್ಕಸಿಗಾದರೂ ಬೇಕಲ್ಲ ಎಂದು ಎತ್ತಿಟ್ಟುಕೊಂಡಳು.

ಶುಕ್ರವಾರ ಬೆಳಿಗ್ಗೆ ಹಿತ್ತಲ ಕೋಣೆಯಲ್ಲಿ ಹಂಡೆಗೆ ಬೆಂಕಿ ಹಾಕಿದಳು. ನಮ್ಮ ಕಡೆ ಬಟ್ಟೆ ಒಗೆಯುವುದೂ ಬೀರು ಕಾಯಿಸುವುದೂ ಒಂದೇ ಹಂಡೆಯಲ್ಲಿ, ದಿನ ಮಾತ್ರ ಬೇರೆ. ಮೊಳಕೆ ಬರಿಸಿ ಒಣಗಿಸಿ ಜಜ್ಜಿದ ಬಾರ್ಲಿ, ಅಂದರೆ ಮಾಲ್ಟು, ಅದಕ್ಕೆ ಬೆಲ್ಲದ ಬಣ್ಣದ ಮಾಲ್ಟು, ಮೇಲೆ ಕಪ್ಪಗೆ ಹುರಿದದ್ದು ಒಂದು ಹಿಡಿ, ಅಷ್ಟೇ, ಹೆಚ್ಚಾದರೆ ಸುಟ್ಟ ರೊಟ್ಟಿಯಾಗುತ್ತದೆ. ಬಿಸಿನೀರಿನಲ್ಲಿ ಕಲಸಿ, ಬಕೆಟ್ಟಿಗೆ ಅಪ್ಪನ ಹಳೇ ಸೇನೆಯ ಕೋಟು ಸುತ್ತಿ ಒಂದೂವರೆ ಗಂಟೆ ಬಿಟ್ಟಳು. ಆ ಹಬೆಗೆ ಮುಖ ಒಡ್ಡಿ ನಿಂತಳು. ಚಿಕ್ಕವಳಿದ್ದಾಗ ಈ ಹಬೆಯನ್ನು ಕುಡಿದೇ ಬೆಳೆದಿದ್ದಳು. ಅದಕ್ಕೊಂದು ವಾಸನೆ ಇತ್ತೆಂದು ಗೊತ್ತು, ಒಳ್ಳೆಯದೆಂದೂ ಗೊತ್ತು, ಹೇಗಿತ್ತೆಂದು ಮಾತ್ರ ಎಷ್ಟು ಕರೆದರೂ ನೆನಪಿಗೆ ಬರಲಿಲ್ಲ. ಸತ್ತವರ ಮುಖ ನೆನಪಿಗೆ ಬರುತ್ತದೆ, ವಾಸನೆ ಬರುವುದಿಲ್ಲ. ಮುಖ ತೊಯ್ದಿತ್ತು, ಹಬೆಯಿಂದ ಅಷ್ಟೇ ಅಲ್ಲ.

ಸೋಸಿದ ನೀರು ಕುದಿಯುವಾಗ ಅಟ್ಟದಿಂದ ಹೊಸ ಹೂ ಇಳಿಸಿದಳು. ಅಂಗಡಿಯ ಹಾಪ್ಸಿಗೆ ಕಹಿ ಎಷ್ಟೆಂದು ಚೀಟಿ ಇರುತ್ತದೆ, ಮನೆಯದಕ್ಕೆ ಯಾರು ಬರೆಯುತ್ತಾರೆ? ನಾಲ್ಕು ಹೂ ಕುದಿಸಿ ಆ ಕಷಾಯವನ್ನು ನಾಲಿಗೆಯ ಬುಡಕ್ಕೆ ಬಿಟ್ಟುಕೊಂಡು ನೋಡಿದಳು. ಈ ವರ್ಷ ಕಹಿ ಜೋರು. ಮೈಲ್ಡಿಗೆ ಅಷ್ಟು ಬೇಡ, ಎರಡು ಹಿಡಿಯ ಬದಲು ಒಂದೂವರೆ ಹಾಕಿದಳು. ಕಹಿಯನ್ನು ಅಳೆಯಲು ನಾಲಿಗೆ ಸಾಕು. ಈಗಲೂ ತಾನೇ ಬೀರು ಕಾಯಿಸುವ ಮೇಲಿನ ಬೀದಿಯ ಪಬ್ಬಿನಿಂದ ಜಗ್ಗಿನಲ್ಲಿ ಯೀಸ್ಟು ತಂದಳು. ಮರುದಿನ ನೊರೆ ತಲೆ ಎತ್ತಿತು.

ಎರಡು ವಾರ ಬೇಕಿತ್ತು. ಎರಡು ಭಾನುವಾರ ಕಳೆದವು. ಒಂದರಲ್ಲಿ ಮಳೆ, ಇನ್ನೊಂದರಲ್ಲಿ ಮಳೆಯೂ ಇಲ್ಲ. ಹೊರೇಸ್ ಹಾದುಹೋದ, ಕೈ ಎತ್ತಿದ. ಆಲಿವ್ ಒಮ್ಮೆ ಬೇಲಿಯ ಹತ್ತಿರ ನಿಂತು, "ಬೀರು ಕಾಯಿಸ್ತಿದ್ದೀಯಾ?" ಎಂದಳು.

"ಕಾಯಿಸ್ತಿದ್ದೀನಿ."

"ಒಳ್ಳೇದು" ಎಂದು ಆಲಿವ್ ಒಳಗೆ ಹೋದಳು.

ಪೀಪಾಯಿಗೆ ತುಂಬಿದ ಮೇಲೆ ಏಮಸ್‌ನ ಮೂಗಿಗಾಗಿ ಕಾದಳು. ಮಂಗಳವಾರ ಬಂದವನು ಏಮಸ್ ಅಲ್ಲ, ಒಬ್ಬ ಉದ್ದನೆಯ ಮನುಷ್ಯ. ಏಮಸ್‌ಗೆ ಬೆನ್ನು ಹಿಡಿದಿದೆಯಂತೆ.

"ಒಂದು ಮಗ್ಗು ಬೀರು?" ಎಂದಳು ಲೆಟ್ಟಿ, ಆಸೆಯಿಂದ.

"ನಾನು ಚಾಪೆಲ್ ಪಂಥದವನು. ನಮ್ಮಲ್ಲಿ ಕುಡಿತ ಮುಟ್ಟಲ್ಲ."

"ಕುಡೀಬೇಡಪ್ಪಾ. ಮೂಸಿ ನೋಡು, ಸಾಕು."

ಅವನು ಒಂದು ಹೆಜ್ಜೆ ಹಿಂದೆ ಸರಿದು, ಇಂಥ ಮುದುಕಿಯರೂ ಇರುತ್ತಾರಲ್ಲ ಎಂಬಂತೆ ನೋಡಿ, ಖಾಲಿ ಮೂಟೆ ಎತ್ತಿಕೊಂಡು ಹೋದ.

ಇನ್ನು ದಾರಿಯಿರಲಿಲ್ಲ. ನಾಳೆ ಬೀರಿದೆ ಎಂದು ಶನಿವಾರ ಬೇಲಿಯಾಚೆ ಹೇಳಿಕಳಿಸಿದಳು. ಸುಮ್ಮನೆ ಅವರ ಬಾಯಿಮಾತು ನಂಬಲು ಆಗದು. ವಿಷ ಕೊಟ್ಟರೂ ಹೊರೇಸ್ 'ಇನ್ನರ್ಧ ಹಾಕು ಹುಡುಗಿ' ಎನ್ನುವವನು. ಅವಳಿಗೆ ಸುಳ್ಳು ಹೇಳದ ಸಾಕ್ಷಿ ಬೇಕಿತ್ತು. ಭಾನುವಾರ ಬೆಳಿಗ್ಗೆ ಒಲೆಯ ಬೂದಿಯನ್ನು ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು, ಕತ್ತರಿಸಿದ ಬಳ್ಳಿಯ ಬುಡದ ಸುತ್ತ ಬೆಂಚಿನ ಕಾಲಿನವರೆಗೂ ಬೆರಳು ದಪ್ಪ ಹರಡಿ, ಹಲಗೆಯಿಂದ ಸವರಿದಳು. ಚಳಿಗಾಲಕ್ಕೆ ಬುಡಕ್ಕೆ ಬೂದಿ ಹಾಕುವುದು ಎಲ್ಲರೂ ಮಾಡುವುದೇ, ಜರಡಿ ಹಿಡಿಯುವುದು ಮಾತ್ರ ಯಾರೂ ಇಲ್ಲ. ಒಂದು ಹನಿ ಬಿದ್ದರೂ ಅದರಲ್ಲಿ ಕಪ್ಪಗೆ ಕಾಣಬೇಕು.

"ಏನ್ ಹುಡುಗಿ, ಬದುಕಿದ್ದೀಯಾ?"

"ಇದ್ದೀನಿ. ಕೂತ್ಕೋ."

ಹೊರೇಸ್ ಬೂದಿಯನ್ನು ನೋಡಿದ. "ಬುಡಕ್ಕೆ ಹಾಸಿಗೆ ಹಾಸಿದ್ದೀಯಲ್ಲ" ಎಂದ.

"ಚಳಿಗೆ" ಎಂದಳು ಲೆಟ್ಟಿ. ಅವನ ಮುಖ ನೋಡಲಿಲ್ಲ. ಇಬ್ಬರ ಮಗ್ಗು ತುಂಬಿಸಿ ಕೊಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈರುಳ್ಳಿ ಕತ್ತರಿಸಿದಳು. ವಾಸನೆ ಇಲ್ಲದಿದ್ದರೂ ಕಣ್ಣು ಉರಿಯುವುದು ಬಿಟ್ಟಿರಲಿಲ್ಲ. ಹೊರಗೆ ಮಾತೇ ಇರಲಿಲ್ಲ. ಬೇರೆ ಭಾನುವಾರಗಳಲ್ಲಿ ಹೊರೇಸನ ಗಂಟಲು ಬೀದಿಗೆ ಕೇಳುತ್ತಿತ್ತು, ಈಗ ಗೊತ್ತಾಯಿತು ಯಾಕೆಂದು, ಸುರಿಯುವ ಸದ್ದು ಮುಚ್ಚಲು. ಇವತ್ತು ಮೌನ. ಒಂದು ಈರುಳ್ಳಿ ಮುಗಿಯಿತು, ಬೇಡದಿದ್ದರೂ ಇನ್ನೊಂದು ಎತ್ತಿಕೊಂಡಳು. ಅವಳ ಕಿವಿಯೆಲ್ಲ ಆ ಒಂದು 'ಟಕ್'ಗೆ ಕಾಯುತ್ತಿತ್ತು. ಗಡಿಯಾರ ಒಂದು ಹೊಡೆಯಿತು. ಹೊರಗೆ ಆಲಿವ್ ಏನೋ ಪಿಸುಗುಟ್ಟಿದಳು, ಹೊರೇಸ್ ಅದಕ್ಕಿಂತ ಮೆಲ್ಲಗೆ ಏನೋ ಹೇಳಿದ. ಟಕ್ ಬರಲಿಲ್ಲ.

ಬನ್ನು ಕೊಟ್ಟಳು. ಮಗ್ಗು ಮತ್ತೆ ತುಂಬಿಸಿದಳು. ಹೊರೇಸ್, "ಇನ್ನರ್ಧ ಹಾಕು" ಎಂದ, ಅದನ್ನು ಅವನು ಯಾವತ್ತೂ ಅನ್ನುತ್ತಿದ್ದ. ಆಲಿವ್, "ಚೆನ್ನಾಗಿದೆ" ಎಂದಳು, ಅದನ್ನೂ ಅವಳು ಯಾವತ್ತೂ ಅನ್ನುತ್ತಿದ್ದಳು. ಲೆಟ್ಟಿಗೆ ಬೂದಿಯ ಕಡೆ ಕಣ್ಣು ಹಾಯಿಸುವ ಧೈರ್ಯವಿರಲಿಲ್ಲ. ಒಳಗೆ ಬಂದು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಎರಡು ಗಂಟೆಗೆ ಹೊರೇಸ್ ಬಾಗಿಲಿಗೆ ತಲೆ ಹಾಕಿದ. "ಸರಿ ಹುಡುಗಿ. ಬರೋ ಭಾನುವಾರ." ಮಗ್ಗನ್ನು ಕೋಟಿನೊಳಗೆ ಇಟ್ಟುಕೊಂಡಿದ್ದ. ಆಲಿವ್ ಅವನ ಹಿಂದೆ ನಿಂತು ತಲೆಯಾಡಿಸಿದಳು, ಅವಳ ಕೈಯೂ ಚೀಲದೊಳಗಿತ್ತು. ಗೇಟು ಎರಡು ಸಲ ಕಿರುಗುಟ್ಟಿತು.

ಲೆಟ್ಟಿ ಒದ್ದೆ ಕೈ ಒರೆಸಿಕೊಳ್ಳದೆ ಹೊರಗೆ ಬಂದಳು.

ಬೂದಿ ಬೆಳ್ಳಗಿತ್ತು. ಬುಡದ ಸುತ್ತ, ಬೆಂಚಿನ ಕಾಲಿನವರೆಗೆ, ಎಲ್ಲಿಯೂ ಒಂದು ಹನಿಯ ಕಪ್ಪು ಇರಲಿಲ್ಲ. ಬೆಂಚಿನ ಮುಂದೆ, ಹೊರೇಸ್ ಕೂತಿದ್ದ ಕಡೆ, ಬೂದಿಯಲ್ಲಿ ಒಂದು ದುಂಡನೆಯ ಗುರುತಿತ್ತು, ಬೋರಲು ಹಾಕಿ ಎತ್ತಿದ ಮಗ್ಗಿನ ಬಾಯಿಯದು. ಉಂಗುರದ ಒಳಗೂ ಬೂದಿ ಒಣಗಿಯೇ ಇತ್ತು. ಅಷ್ಟು ಮೆತ್ತಗೆ ಹಾಸಿದ ಬೂದಿಯಲ್ಲಿ ಟಕ್ ಎಲ್ಲಿಂದ ಬರಬೇಕು?

ಪಕ್ಕದಲ್ಲಿ ಇನ್ನೊಂದು ಉಂಗುರವಿತ್ತು, ಸಣ್ಣದು. ಆಲಿವ್ ಸರಪಳಿ ಕಮ್ಮಾರಸಾಲೆಯ ಬಾಗಿಲನ್ನೂ ಕಂಡವಳಲ್ಲ, ಜನ್ಮದಲ್ಲಿ ಮಗ್ಗು ಬೋರಲು ಹಾಕಿದವಳಲ್ಲ. ಹೊರೇಸ್ ತೋರಿಸಿಕೊಟ್ಟಿರಬೇಕು. ಜರಡಿ ಹಿಡಿದ ಬೂದಿ ಯಾಕೆ ಹಾಸಿದೆ ಎಂದು ಐವತ್ತು ವರ್ಷ ಬೂದಿಯ ಮೇಲೆ ನಿಂತವನಿಗೆ ತಿಳಿಯದೇ? ಅವಳು ಒಳಗೆ ಈರುಳ್ಳಿ ಕೊಚ್ಚುತ್ತಿದ್ದಾಗ ಆ ಇಬ್ಬರು ಅದನ್ನೇ ಪಿಸುಗುಟ್ಟಿದ್ದು. ಅವಳು ನೋಡಿದ್ದಾಳೆಂದು ಅವರಿಗೆ ಗೊತ್ತು. ನಾಳೆಯೂ ಅವರು ಅದರ ಬಗ್ಗೆ ಮಾತೆತ್ತುವುದಿಲ್ಲ, ಸಾಯುವವರೆಗೂ ಎತ್ತುವುದಿಲ್ಲ. ಆದರೂ ಬರೋ ಭಾನುವಾರ ಎಂದು ಹೇಳಿ ಹೋಗಿದ್ದಾರೆ.

ಲೆಟ್ಟಿ ತನ್ನ ಮಗ್ಗು ತಂದು ಪೀಪಾಯಿಯಿಂದ ತುಂಬಿಸಿಕೊಂಡು ಬೆಂಚಿನ ಮೇಲೆ, ಅವರಿಬ್ಬರು ಬಿಟ್ಟುಹೋದ ಜಾಗದ ನಡುವೆ ಕೂತಳು. ಮೂಗಿಗೆ ಹಿಡಿದಳು. ಏನೂ ಇಲ್ಲ. ಕುಡಿದಳು. ನಾಲಿಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ, ಮಧ್ಯದಲ್ಲಿ ಖಾಲಿ. ಆ ಖಾಲಿ ಜಾಗದಲ್ಲಿ ಏನಿತ್ತೆಂದು ಅವರಿಬ್ಬರಿಗೆ ಗೊತ್ತಿತ್ತು, ಕಾಯಿಸಿದವಳಿಗೆ ಗೊತ್ತಿರಲಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಅದಕ್ಕೆ ಅಳು ಬಂತು, ಸಂತೋಷಕ್ಕೂ ಬಂತು, ಯಾವುದಕ್ಕೆ ಎಷ್ಟೆಂದು ಅವಳು ನೋಡಲಿಲ್ಲ. ಕೊನೆಯ ಹನಿಯವರೆಗೆ ಕುಡಿದು, ಬಗ್ಗಿ, ಆ ಎರಡು ಉಂಗುರಗಳ ಪಕ್ಕದಲ್ಲಿ ತನ್ನ ಮಗ್ಗನ್ನು ಬೋರಲು ಹಾಕಿದಳು.